ಒಂದು ಬೆರಳು ಮೇಲೆ

ಪ್ಲಾಸ್ಟಿಕ್ ಗುಂಡು ಹಾರಿಸುವ ಏರ್‌ಸಾಫ್ಟ್ ಗನ್ ಹಿಡಿದು ನಿಜವಾದ ಗುರಿ ಕಲಿಯಬಹುದೇ ಎಂದು ಯಾರಾದರೂ ಕೇಳಿದರೆ, ಅರ್ಧ ಕಲಿಯಬಹುದು ಎನ್ನುತ್ತೇನೆ. ಉಳಿದರ್ಧ ಏನು ಮಾಡುತ್ತದೆಂದು ಕಣ್ಣಾರೆ ಕಂಡಿದ್ದೇನೆ.

ಕಾಲೇಜಿನ ಎನ್‌ಸಿಸಿಯಲ್ಲಿ ರೈಫಲ್ ಹಿಡಿದವಳು ನಾನು; ಆಮೇಲೆ ಮೂವತ್ತು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಡ್ರಿಲ್ ಟೀಚರ್. ಶೂಟಿಂಗ್ ಕ್ಲಬ್ಬಿನ ಕಿರಿಯರ ತಂಡದಲ್ಲಿ ಒಂದೇ ಜಾಗ ಖಾಲಿಯಿದೆ, ತನಗದು ಬೇಕೇಬೇಕು ಎಂದು ಮೊಮ್ಮಗಳು ಹಟ ಹಿಡಿದಾಗ ಬಳೇಪೇಟೆಯಿಂದ ಏರ್‌ಸಾಫ್ಟ್ ತರಿಸಿದೆ. ಎನ್.ಆರ್. ಕಾಲೋನಿಯ ನಮ್ಮ ತಾರಸಿಯಲ್ಲಿ ಬೆಳಿಗ್ಗೆ ಆರಕ್ಕೆ ಸರಿಯಾಗಿ ಅಭ್ಯಾಸ. ಮೊಣಕೈ ಮೇಜಿನ ಮೇಲೆ, ಅರ್ಧ ಉಸಿರು ಹೊರಗೆ, ಟ್ರಿಗರ್ ನಿಧಾನ.

"ಏನ್ ಮೇಡಂ, ಕೋತಿ ಓಡ್ಸೋಕೆ ಟ್ರೈನಿಂಗಾ?" ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುತ್ತ ಕೇಳಿದರು.

"ಕೋತಿಗಳು ಇಷ್ಟು ಬೇಗ ಏಳಲ್ಲ ಕಣ್ರೀ."

ಪ್ಲಾಸ್ಟಿಕ್ ಗುಂಡು ಹಗುರ. ತಾರಸಿಯ ಆ ತುದಿ ತಲುಪುವಷ್ಟರಲ್ಲಿ ಕೆಳಗಿಳಿಯುತ್ತಿತ್ತು. "ಗುರಿ ಒಂದು ಬೆರಳು ಮೇಲಿಡು" ಎಂದೆ. ಎರಡು ತಿಂಗಳು ದಿನವೂ ಅದನ್ನೇ ಅಂದೆ.

ಆಯ್ಕೆಯ ದಿನ ಕ್ಲಬ್ಬಿನದೇ ಏರ್ ರೈಫಲ್. ಐದೇ ಗುಂಡು. ಹಿಂದೆ ನಿಂತವರು ಬಾಯಿ ತೆರೆದರೆ ಹುಡುಗಿ ಔಟ್.

ಮೊದಲ ತೂತು ಕಪ್ಪು ವೃತ್ತದಾಚೆ, ಮೇಲಿನ ಬಿಳಿಯಲ್ಲಿ ಬಿತ್ತು. ಈ ರೈಫಲ್ಲಿನ ಗುಂಡು ಆ ದೂರಕ್ಕೆ ಹಾಗೆ ಇಳಿಯುವುದಿಲ್ಲ. ಬೆರಳಿನ ಲೆಕ್ಕ ಇಲ್ಲಿ ಬೇಡ ಎಂದು ಹೇಳುವುದನ್ನೇ ನಾನು ಮರೆತಿದ್ದೆ. ಈಗ ಕೆಮ್ಮಿದರೂ ಸನ್ನೆಯಾಗುತ್ತದೆ. ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡೆ. ಎರಡು. ಅದೇ ಎತ್ತರ. ಮೂರು. ಇಳಿಸೇ, ಇಳಿಸೇ ಎಂದು ಹಲ್ಲು ಕಚ್ಚಿ ಒಳಗೊಳಗೇ ಅಂದುಕೊಂಡೆ. ನಾಲ್ಕನೆಯದಕ್ಕೆ ಅವಳು ತುಂಬ ಹೊತ್ತು ತಡೆದಳು. ಆಮೇಲೆ ಅಲ್ಲಿಗೇ ಹೊಡೆದಳು. ಐದನೆಯದೂ ಅಲ್ಲಿಗೇ.

ಕೋಚ್ ಕಾಗದ ತಂದು ತೂತುಗಳ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟರು. ಐದೂ ಮುಚ್ಚಿಹೋದವು. "ಕೈ ಬಹಳ ಚೆನ್ನಾಗಿದೆ ಅಮ್ಮಾ. ಆದ್ರೆ ನಮಗೆ ಪಾಯಿಂಟ್ಸೇ ಮುಖ್ಯ, ಏನ್ಮಾಡ್ಲಿ?" ಜಾಗ ಇನ್ನೊಬ್ಬಳಿಗೆ ಹೋಯಿತು.

ಆಟೋದಲ್ಲಿ ಹೇಳಿದೆ: "ತಪ್ಪು ನಂದು, ಪುಟ್ಟಿ."

"ಗೊತ್ತಜ್ಜಿ. ಮೊದಲ್ನೇದಕ್ಕೇ ಕಾಣಿಸ್ತು."

"ಮತ್ತೆ ಯಾಕೆ ಕೆಳಗಿಳಿಸ್ಲಿಲ್ಲ?"

"ಹಿಂದೆ ನೀನು ನಿಂತಿದ್ಯಲ್ಲ."

"ಇನ್ಮೇಲೆ ತೂತು ನೋಡಿ ಹೊಡಿ. ನನ್ನ ಮಾತು ಕೇಳ್ಬೇಡ" ಎಂದೆ.

"ಇದೂ ಆರ್ಡರ್ರಾ?" ಎಂದಳು.