ಗಾಳಿ ಕೇಳಿಸಿಕೊಳ್ಳಲು ಹೋದ ದಿನ

ಆಗ ನಾನು ದೆಹಲಿಯ ದ್ವಾರಕಾದಲ್ಲಿ ನಿವೃತ್ತ ಅಧಿಕಾರಿಯೊಬ್ಬರ ಫ್ಲ್ಯಾಟಿನಲ್ಲಿ ಇನ್ನಿಬ್ಬರು ಹುಡುಗಿಯರ ಜೊತೆ ಬಾಡಿಗೆಗಿದ್ದೆ. ಕೆಲಸ ಮಾನೇಸರಿನಲ್ಲಿ, ಕಾರಿನ ಬಿಡಿಭಾಗ ತಯಾರಿಸುವ ಕಾರ್ಖಾನೆಯ ವಿನ್ಯಾಸ ವಿಭಾಗದಲ್ಲಿ. ಅಲ್ಲಿ ನನ್ನನ್ನು ಬಿಟ್ಟರೆ ಕನ್ನಡ ಬರುತ್ತಿದ್ದದ್ದು ತಪಾಸಣೆ ವಿಭಾಗದ ಒಬ್ಬನಿಗೇ. ಗುಲ್ಬರ್ಗದವನು. ಅವನ ಕನ್ನಡದಲ್ಲಿ ಮನೆಯ ಉರ್ದು ಇಣುಕುತ್ತಿತ್ತು, ನನ್ನದು ದಾವಣಗೆರೆಯ ಕನ್ನಡ. ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎದುರುಬದುರು ಕೂತು ಮಾತಾಡುತ್ತಿದ್ದ ಆ ಅರ್ಧ ಗಂಟೆಗಾಗಿ ನಾನು ಬೆಳಗಿನಿಂದ ಕಾಯುತ್ತಿದ್ದೆ. ಅದು ಅವನಿಗೆ ಗೊತ್ತಿರಲಿಲ್ಲ ಅನ್ನಿಸುತ್ತದೆ.

ಅವನ ತಂದೆ ಕೊಲ್ಲಿ ದೇಶದ ಮರುಭೂಮಿಯಲ್ಲಿ ನೀರಿನ ಟ್ಯಾಂಕರ್ ಓಡಿಸುತ್ತಿದ್ದರಂತೆ. ಓದುಬರಹ ಅಷ್ಟಕ್ಕಷ್ಟೇ ಆದ್ದರಿಂದ ಮನೆಗೆ ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸಿ ಕಳಿಸುತ್ತಿದ್ದರು. ಲಾರಿ ನಿಲ್ಲಿಸಿ, ಕಿಟಕಿ ತೆರೆದುಕೊಂಡೇ ಮಾತಾಡುತ್ತಿದ್ದರೋ ಏನೋ, ಅವರ ದನಿಗಿಂತ ಗಾಳಿಯ ಸದ್ದೇ ಹೆಚ್ಚಾಗಿರುತ್ತಿತ್ತು. ಇವನು ಕಾಲೇಜಿನಲ್ಲಿದ್ದಾಗ ಅವರು ಅಲ್ಲೇ ತೀರಿಕೊಂಡರು. ಮಣ್ಣು ಮಾಡಿದ್ದೂ ಅಲ್ಲೇ. ಕ್ಯಾಸೆಟ್ಟುಗಳು ಹಾಕಿ ಹಾಕಿ ಸವೆದುಹೋದವು.

"ಇಲ್ಲಿಂದ ಮರಳುಗಾಡು ಎಷ್ಟು ದೂರ?" ಎಂದು ಒಂದು ಮಧ್ಯಾಹ್ನ ಕೇಳಿದ. "ಒಮ್ಮೆ ಹೋಗಿ ಸುಮ್ಮನೆ ಕೂತು ಬರಬೇಕು."

"ಭಾನುವಾರ ಹೋಗೋಣ," ಅಂದೆ.

"ನನಗೆ ಸೈಕಲ್ ಬಿಟ್ಟರೆ ಏನೂ ಓಡಿಸೋಕೆ ಬರಲ್ಲ."

"ನನಗೆ ಬರುತ್ತೆ."

ದಾವಣಗೆರೆಯಲ್ಲಿ ಅಣ್ಣನ ಬುಲೆಟ್ ಮೇಲೆ ಕಲಿತಿದ್ದೆ. ಶನಿವಾರ ಸಂಜೆ ಮೆಟ್ರೋ ಹಿಡಿದು ಕರೋಲ್ ಬಾಗಿಗೆ ಹೋದೆವು. ಬಾಡಿಗೆ ಗಾಡಿಯ ಅಂಗಡಿಯವನು ಕೀಲಿಯನ್ನು ಅವನ ಕೈಗೆ ಕೊಡಲು ಬಂದ. "ಭಯ್ಯಾ, ಇವರಿಗೆ ಕೊಡಿ, ಓಡಿಸೋದು ಇವರು," ಎಂದು ಇವನು ಹಿಂದಿಯಲ್ಲಿ ಹೇಳಿದ. ಅಂಗಡಿಯವನು ನನ್ನ ಮುಖ ನೋಡಿದ, ಬುಲೆಟ್ ನೋಡಿದ. "ಅಚ್ಛಾ," ಎಂದಷ್ಟೇ ಹೇಳಿ, ನಾನು ಒಂದೇ ಕಿಕ್ಕಿಗೆ ಶುರುಮಾಡುವವರೆಗೂ ಅಲ್ಲಿಂದ ಕದಲಲಿಲ್ಲ.

ಫೆಬ್ರವರಿಯ ಬೆಳಗು. ಹೆದ್ದಾರಿಯಲ್ಲಿ ಧಾರೂಹೇಡಾವರೆಗೆ ಹೋಗಿ, ರೇವಾಡಿಯ ಕಡೆ ತಿರುಗಿ ಮುಂದೆ ಸಾಗಿದೆವು. ಅವನು ಹಿಂದಿನ ಕಬ್ಬಿಣದ ಕ್ಯಾರಿಯರನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದ. ಹೊಂಡ ಬಂದಾಗಲೂ ನನ್ನ ಭುಜ ಮುಟ್ಟಲಿಲ್ಲ. ಮಹೇಂದ್ರಗಢ ದಾಟಿದರೂ ರಸ್ತೆಯ ಎರಡೂ ಕಡೆ ಹಳದಿ ಸಾಸಿವೆ ಹೊಲವೇ.

"ಇದೇನು ಮರಳುಗಾಡು? ನಮ್ಮೂರಿಗಿಂತ ಹಸಿರಾಗಿದೆ," ಎಂದ. ದನಿಯಲ್ಲಿ ನಿರಾಸೆಯಿತ್ತು.

ಸತ್ನಾಲಿಯ ಆಚೆ ಹೊಲಗಳ ನಡುವೆ ದಿಬ್ಬಗಳು ಏಳತೊಡಗಿದವು. ಟಾರು ರಸ್ತೆಯ ಮೇಲೂ ತೆಳುವಾಗಿ ಮರಳು ಹರಡಿತ್ತು. ಖೇಜಡಿ ಮರವೊಂದರ ಕೆಳಗೆ ಗಾಡಿ ನಿಲ್ಲಿಸಿ, ಎಲ್ಲಕ್ಕಿಂತ ಎತ್ತರದ ದಿಬ್ಬ ಹತ್ತಿದೆವು. ಅವನು ಬೂಟು ಬಿಚ್ಚಿ ಬದಿಗಿಟ್ಟು ಕೂತ. ಒಂದು ಎಳೆ ಗಾಳಿಯೂ ಇರಲಿಲ್ಲ. ಮರಳು ತಣ್ಣಗೆ, ಸದ್ದಿಲ್ಲದೆ ಬಿದ್ದಿತ್ತು.

ಕಾದೆವು. ನಾನು ತಂದಿದ್ದ ಚಪಾತಿ ತಿಂದೆವು. ಆಡು ಮೇಯಿಸುತ್ತಿದ್ದ ಮುದುಕಿಯೊಬ್ಬಳು ನಮ್ಮನ್ನು ಕಂಡು ಮೇಲೆ ಬಂದಳು. ತನ್ನ ಕುಡಿಕೆಯಿಂದ ಲೋಟಕ್ಕೆ ಮಜ್ಜಿಗೆ ಸುರಿದು ಕೊಟ್ಟು, ಗಂಡ ಹೆಂಡತಿಯಾ ಎಂದು ನೇರವಾಗಿ ಕೇಳಿದಳು. ಮಜ್ಜಿಗೆಯ ಲೋಟ ನನ್ನ ತುಟಿಯ ಮೇಲೇ ಇತ್ತು. ನಾನು ಅದನ್ನು ಇಳಿಸಲಿಲ್ಲ. ಉತ್ತರ ಅವನೇ ಹೇಳಲಿ ಎಂದಿತ್ತು ಮನಸ್ಸು.

"ಇಲ್ಲ ಅಮ್ಮಾ, ಒಟ್ಟಿಗೆ ಕೆಲಸ ಮಾಡ್ತೀವಿ," ಅಂದ.

ಅದು ನಿಜವೇ ಆಗಿತ್ತು. ಮುದುಕಿ ತಲೆದೂಗಿ ಆಡುಗಳ ಹಿಂದೆ ಇಳಿದು ಹೋದಳು.

ಬಿಸಿಲು ಇಳಿಮುಖವಾದಾಗ ಪಶ್ಚಿಮದಿಂದ ಗಾಳಿ ಎದ್ದಿತು. ಮೊದಲು ದಿಬ್ಬದ ನೆತ್ತಿಯಿಂದ ಮರಳು ಹೊಗೆಯಂತೆ ಹಾರಿತು, ಆಮೇಲೆ ಸದ್ದು ಬಂತು. ಒಣ ಎಲೆ ಉಜ್ಜಿದಂತೆ ಸಣ್ಣಗೆ ಶುರುವಾಗಿ, ಬರಬರುತ್ತಾ ಕಿವಿ ತುಂಬಿಕೊಂಡಿತು. ಅವನು ಕಣ್ಣು ಮುಚ್ಚಿದ. ಅವನಿಗೆ ಕಾಣಿಸದು ಎಂಬ ಧೈರ್ಯದಲ್ಲಿ ನಾನು ಅವನ ಮುಖವನ್ನೇ ನೋಡುತ್ತಾ ಕೂತೆ. ರೆಪ್ಪೆಯ ಮೇಲೆ ಮರಳಿನ ಕಣಗಳಿದ್ದವು. ಕೈ ಚಾಚಿದರೆ ಒರೆಸಬಹುದಿತ್ತು.

"ಇದೇ," ಎಂದ. ಥಟ್ಟನೆ ಎದ್ದು ಮೊಬೈಲ್ ತೆಗೆದ. ಸಿಗ್ನಲ್ ಹುಡುಕುತ್ತಾ ದಿಬ್ಬದ ನೆತ್ತಿಯ ಉದ್ದಕ್ಕೂ ಬರಿಗಾಲಲ್ಲಿ ಓಡಾಡಿದ. ಕೊನೆಗೆ ಗುಲ್ಬರ್ಗದ ಮನೆಗೆ ಕರೆ ಹೋಯಿತು. "ಅಮ್ಮೀ, ಮಾತಾಡಬೇಡ, ಸುಮ್ಮನೆ ಕೇಳು," ಎಂದು ಅವರ ಭಾಷೆಯಲ್ಲಿ ಹೇಳಿ, ಫೋನನ್ನು ಗಾಳಿಗೆ ಎತ್ತಿ ಹಿಡಿದ. ತುಂಬ ಹೊತ್ತು ಹಾಗೇ ನಿಂತಿದ್ದು, ಆಮೇಲೆ ಕಿವಿಗಿಟ್ಟುಕೊಂಡ. ಅತ್ತ ಏನಂದರೋ, ಮತ್ತೆ ಕೈ ಎತ್ತಿದ.

"ಏನಂದರು?" ಎಂದು ಮೆಲ್ಲಗೆ ಕೇಳಿದೆ.

"ಇನ್ನೂ ಸ್ವಲ್ಪ ಹೊತ್ತು ಹಿಡಿ ಅಂದಳು."

ಬರುವಾಗ ರೇವಾಡಿಯ ಢಾಬಾದಲ್ಲಿ ಚಹಾ ಕುಡಿಯುತ್ತಾ ಹೇಳಿದ: "ಅಬ್ಬಾ ಇದ್ದ ಊರಲ್ಲೇ ನನಗೊಂದು ಕೆಲಸ ಸಿಕ್ಕಿದೆ. ವೀಸಾ ಬಂತು. ಹೋಗಲೋ ಬೇಡವೋ ಅಂತ ಅನುಮಾನ ಇತ್ತು. ಇವತ್ತು ಆ ಅನುಮಾನ ಹೋಯ್ತು."

"ಒಳ್ಳೇದಾಯ್ತಲ್ಲ," ಅಂದೆ. ಚಹಾ ತಣ್ಣಗಾಗಿತ್ತು, ಆದರೂ ಪೂರ್ತಿ ಕುಡಿದೆ.

ಹೆದ್ದಾರಿಗೆ ಬಂದ ಮೇಲೆ ಹಿಂದಿನಿಂದ ಮಾತು ನಿಂತಿತು. ಸ್ವಲ್ಪ ಹೊತ್ತಿಗೆ ಅವನ ಹಣೆ ನನ್ನ ಬೆನ್ನಿಗೆ ಒರಗಿತು. ನಿದ್ದೆ ಬಂದಿತ್ತು. ಅವನು ಜಾರಿ ಬೀಳಬಾರದೆಂದು ಗಾಡಿಯನ್ನು ರಸ್ತೆಯಂಚಿಗೆ ತಂದು ನಿಧಾನ ಮಾಡಿದೆ. ನಿಲ್ಲಿಸಿ ಎಬ್ಬಿಸಬೇಕಿತ್ತು, ಎಬ್ಬಿಸಲು ಮನಸ್ಸಾಗಲಿಲ್ಲ. ಲಾರಿಗಳು ಹಾರ್ನ್ ಹೊಡೆದು ಮುಂದೆ ಹೋದವು. ಮಾನೇಸರಿನ ಕಾರ್ಖಾನೆಗಳ ದೀಪ ಕಾಣುವ ಹೊತ್ತಿಗೆ ಅವನಿಗೆ ಎಚ್ಚರವಾಗಿ, "ಸಾರಿ" ಎಂದು ಹಿಂದಕ್ಕೆ ಸರಿದ. ಬೆನ್ನಿನ ಮೇಲೆ ಆ ಜಾಗಕ್ಕೆ ಚಳಿ ಹೊಕ್ಕಿತು.

ಬೇಸಿಗೆಗೆ ಮುಂಚೆ ಅವನು ಹೊರಟುಹೋದ. ಮೊದಮೊದಲು ಫೋನು, ಆಮೇಲೆ ಬರೀ ಹಬ್ಬಕ್ಕೊಂದು ಇ-ಮೇಲ್. ಒಮ್ಮೆ ಮಾತ್ರ ಉದ್ದಕ್ಕೆ ಬರೆದಿದ್ದ. ತಂದೆಯನ್ನು ಮಣ್ಣು ಮಾಡಿದ ಜಾಗ ಸಿಕ್ಕಿತಂತೆ. ಅಲ್ಲಿ ಗೋರಿಗಳಿಗೆ ಹೆಸರು ಬರೆಯುವುದಿಲ್ಲ, ತಲೆಯ ಕಡೆ ಒಂದು ಕಲ್ಲು ಮಾತ್ರ. ಯಾವುದು ಅಬ್ಬಾನದು ಎಂದು ತಿಳಿಯದೆ, ನಡುವೆ ನಿಂತು ಎಲ್ಲರಿಗಾಗಿ ದುವಾ ಮಾಡಿ ಬಂದೆ ಎಂದಿದ್ದ.

ಕ್ಯಾಂಟೀನಿಗೆ ಹೋಗದೆ ಅದನ್ನೇ ಮತ್ತೆ ಮತ್ತೆ ಓದಿದೆ. ಉತ್ತರ ಬರೆಯಲು ಕೂತಾಗ ಏನೇನೋ ಬಂತು, ಎಲ್ಲವನ್ನೂ ಅಳಿಸಿದೆ. ಕೊನೆಗೆ ನಿನ್ನ ತಾಯಿಗೆ ಸಮಾಧಾನವಾಗಿರಬೇಕು, ಆರೋಗ್ಯ ನೋಡಿಕೋ ಎಂದಷ್ಟೇ ಬರೆದು ಕಳಿಸಿ, ಡ್ರಾಯಿಂಗ್ ಮುಂದುವರಿಸಿದೆ.