ಕಡಲು ಎಡಕ್ಕಿರಬೇಕು

ಬ್ಯಾಡಗಿಯಿಂದ ಬಂದ ನಾದಿನಿ ಮೊಬೈಲನ್ನು ನನ್ನ ಮೂಗಿನ ಹತ್ತಿರವೇ ಹಿಡಿದಳು. ಮುರ್ಡೇಶ್ವರದ ಬಳಿ ಎಲ್ಲೋ ತೆಗೆದ ವಿಡಿಯೋ. ಸಮುದ್ರದಂಡೆಯಲ್ಲಿ ಯಾರೋ ಕುಣಿಯುತ್ತಿದ್ದರು. ಅವರ ಕಾಲಡಿ ಕಾಗದದ ತಟ್ಟೆಗಳು, ಅರ್ಧ ಕಚ್ಚಿಬಿಟ್ಟ ಮಿರ್ಚಿ, ಮರಳಿನಲ್ಲಿ ಗುಟ್ಕಾದ ಕೆಂಪು ಉಗುಳು. ಮೊಬೈಲನ್ನು ಪಕ್ಕಕ್ಕೆ ಸರಿಸಿದೆ.

"ನಿಮ್ಮ ಪಾದಯಾತ್ರಿ ಇಲ್ಲೇ ಮುಗಸೂಣ್ರಿ ವೈನಿ. ಟೆಂಪೋ ಮಾಡೂಣು, ಓಣಿ ಮಂದೀನೆಲ್ಲಾ ಕರಿಯೂಣು. ನೀವು ಕುಂಟಿದಷ್ಟು ಕುಂಟ್ರಿ, ಸಾಕಾದ್ರ ಗಾಡ್ಯಾಗ ಕುಂದ್ರಿ. ಹರಕಿ ಯಾವುದಂತ ಅದನ್ನರ ಹೇಳ್ರಿ!"

ಹರಕೆ ಇರಲಿಲ್ಲ. ನಮ್ಮ ಕಡೆ ದೂರ ನಡೆದರೆ ಅದು ಪಾದಯಾತ್ರೆ. ಪಾದಯಾತ್ರೆ ಎಂದ ಮೇಲೆ ಕೊನೆಗೆ ದೇವರ ಮುಂದೆ ಹೋಗಿ ನಿಲ್ಲಬೇಕು. ಸುಮ್ಮನೆ ನಡೆಯುತ್ತೇನೆಂದರೆ ತಲೆ ಕೆಟ್ಟಿದೆ ಎನ್ನುತ್ತಾರೆ. ಕಡಲಿನ ನೀರು ಇಳಿದಾಗ ಒದ್ದೆ ಮರಳು ಗಾರೆ ನೆಲದಷ್ಟು ಗಟ್ಟಿ ಎಂದು ನಾನು ಓದಿದ ಕಾನ್ವೆಂಟಿನಲ್ಲಿ ಮಂಗಳೂರು ಕಡೆಯ ಸಿಸ್ಟರ್ ಹೇಳುತ್ತಿದ್ದರು. ಆ ನೆಲದ ಮೇಲೆ ಎರಡು ಮೂರು ದಿನ, ಗದ್ದಲವಿಲ್ಲದೆ ನಡೆಯಬೇಕು. ನನ್ನ ಆಸೆ ಅಷ್ಟೇ. ಆಪರೇಷನ್ ಆದ ಎಡ ಮೊಣಕಾಲು ಪೂರ್ತಿ ಮಡಿಚುವುದಿಲ್ಲ. ಬಲಗಾಲಿನದೂ ಅದೇ ದಾರಿ ಎಂದಿದ್ದರು ಡಾಕ್ಟರು. ಈಗ ಬಿಟ್ಟರೆ ಮತ್ತೆ ಇಲ್ಲ.

"ಕಾಸರಕೋಡಿಂದ ದಂಡಿಗುಂಟ ದಕ್ಷಿಣಕ್ಕ, ಮುರ್ಡೇಶ್ವರಕ್ಕ ಹೋಗೂಣು. ಎಲ್ಲಾ ಸಪಾಟ ಐತಿ," ಎಂದರು ನಮ್ಮವರು, ನಕ್ಷೆ ನೋಡಿ. ನಕ್ಷೆಯಲ್ಲಿ ಏನು, ಎಲ್ಲವೂ ಸಪಾಟವೇ. ದಂಡೆ ನೀರಿನ ಕಡೆಗೆ ಇಳಿಜಾರಾಗಿರುತ್ತದೆ, ಒಂದು ಕಾಲು ಸದಾ ಕೆಳಗೇ ಬೀಳಬೇಕು.

ಅಂಥ ಓರೆ ನೆಲ ರಾಣೆಬೆನ್ನೂರಿನಲ್ಲಿ ನನಗೆ ಸಿಕ್ಕಿದ್ದು ಕೆರೆಯ ಏರಿಯ ಮಗ್ಗುಲಲ್ಲಿ. ಬೆಳಗಿನ ಹೊತ್ತು ಅಭ್ಯಾಸಕ್ಕೆ ಹೋದೆ. ಹುಳಿತ ಅನ್ನದ ರಾಶಿ, ಅದರೊಳಗೆ ಮೂತಿ ಹುದುಗಿಸಿದ ಹಂದಿ, ಬಿಚ್ಚಿಕೊಂಡು ಬಿದ್ದ ಮಗುವಿನ ಡೈಪರ್. ಸೆರಗಿನಿಂದ ಮೂಗು ಮುಚ್ಚಿಕೊಂಡು ನಡೆದೆ. ಹೋಗುವಾಗ ಎಡಗಾಲು ಏರಿನ ಕಡೆಗಿತ್ತು, ಹೆಜ್ಜೆಹೆಜ್ಜೆಗೂ ಮೊಣಕಾಲು ಕಿತ್ತುಬಂದಂತಾಯಿತು. ತಿರುಗಿ ಬರುವಾಗ ಅದೇ ಕಾಲು ಇಳಿಜಾರಿನ ಕಡೆಗೆ ಬಂತು. ಮಡಿಚಬೇಕಾಗಲೇ ಇಲ್ಲ. ನೋವೂ ಇಲ್ಲ! ಆ ನಾತದಲ್ಲೇ ನಿಂತು ಯೋಚಿಸಿದೆ. ಇಳಿಜಾರು ಎಡಕ್ಕಿರಬೇಕು, ಅಂದರೆ ಕಡಲು ಎಡಕ್ಕಿರಬೇಕು. ಹಾಗಾದರೆ ಉತ್ತರಕ್ಕೆ ನಡೆಯಬೇಕು. ಮುರ್ಡೇಶ್ವರದಲ್ಲಿ ಮುಗಿಸುವುದಲ್ಲ, ಅಲ್ಲಿಂದ ಹೊರಡುವುದು.

ಮನೆಗೆ ಬಂದು ಹೇಳಿದೆ.

"ಅಯ್ಯ ಶಿವನ! ದೇವ್ರಿಗೆ ಬೆನ್ನ ಹಾಕಿ ಯಾರರ ಪಾದಯಾತ್ರಿ ಮಾಡ್ತಾರೇನ್ರಿ ವೈನಿ?" ನಾದಿನಿ ನಾನು ಆಗಷ್ಟೇ ತಿಕ್ಕಿದ್ದ ಬೇಸಿನ್ನಿಗೆ ಎಲೆಅಡಿಕೆ ಉಗುಳಿ, ನೀರೂ ಬಿಡದೆ ಬಾಯಿ ಒರೆಸಿಕೊಂಡಳು. "ಹಂಗಾದ್ರ ಯಾರೂ ಬರಂಗಿಲ್ಲ ನೋಡ್ರಿ."

"ಖರೇನಾ?" ಎಂದೆ. "ಒಬ್ರೂ ಬರಂಗಿಲ್ಲಾ?"

"ಒಬ್ರೂ ಬರಂಗಿಲ್ಲ."

ನಳ ತಿರುಗಿಸಿದೆ. ಕೆಂಪು ಉಗುಳು ಸುತ್ತಿ ಸುತ್ತಿ ಇಳಿದು ಹೋಗುವವರೆಗೆ ನೋಡುತ್ತ ನಿಂತೆ. ಆಮೇಲೆ ನಮ್ಮವರಿಗೆ ಹೇಳಿದೆ: "ಮುರ್ಡೇಶ್ವರದ ಬಸ್ ಯಾವಾಗ ಐತಿ ಕೇಳ್ರಿ. ಇಬ್ಬರಿಗೇ."

"ಮಂದಿ ಕೇಳಿದ್ರ ಯಾವ ಹರಕಿ ಅನ್ನೂಣು?"

"ಮೊಣಕಾಲಿಂದು ಅನ್ರಿ."