ಬೆಟ್ಟಮ್ಮಜ್ಜಿ ಕೇಳಿದ ಇಟಲಿಯ ಪದ

ಬೆಳಗೋಡಿನ ಹತ್ತಿರದ ಒಂದು ಎಸ್ಟೇಟಿನ ಸ್ಟೋರಿನಲ್ಲಿ ಬೆಟ್ಟಮ್ಮಜ್ಜಿ ಕಾಫಿ ಬೀಜ ಆರಿಸುತ್ತಾರೆ. ಒಡೆದದ್ದು, ಕಪ್ಪಾದದ್ದು ಅವರ ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಆದರೆ ಸುತ್ತಲಿನವರು ಅವರನ್ನು ಗುರುತಿಸುವುದು ಸೋಬಾನೆ ಪದಗಳಿಂದ. ಇಪ್ಪತ್ತೆರಡು ವರ್ಷ ಮದುವೆ ಮನೆಗಳಲ್ಲಿ ಅಜ್ಜಿ ಸೊಲ್ಲು ಎತ್ತಿದರೆ, ಅಂದರೆ ಮೊದಲ ಸಾಲು ಹೇಳಿದರೆ, ಬಲಗಡೆ ಕೂತ ಗೆಳತಿ ಭೂತಮ್ಮ ಅದೇ ಸಾಲನ್ನು ಹಿಡಿದು ತಿರುಗಿ ಹೇಳುತ್ತಿದ್ದರು. ಅಷ್ಟರಲ್ಲಿ ಅಜ್ಜಿ ಉಸಿರು ತೆಗೆದುಕೊಂಡು ಮುಂದಿನ ಸಾಲು ನೆನಪು ಮಾಡಿಕೊಳ್ಳುತ್ತಿದ್ದರು. ಮೂರು ವರ್ಷದ ಹಿಂದೆ ಮಗಳ ಬಾಣಂತನಕ್ಕೆಂದು ಮೈಸೂರಿಗೆ ಹೋದ ಭೂತಮ್ಮ ಮೊಮ್ಮಗುವನ್ನು ನೋಡಿಕೊಳ್ಳುತ್ತಾ ಅಲ್ಲೇ ಉಳಿದರು. ಆಮೇಲೆ ಅಜ್ಜಿ ಯಾವ ಮದುವೆಯಲ್ಲೂ ಪದ ಹೇಳಿಲ್ಲ.

ಈ ಸಲ ಕರೆದವರು ಪಕ್ಕದಲ್ಲೇ ಕೂತು ಬೀಜ ಆರಿಸುವ ಗಂಗಾಮಣಿ. ಅವರ ಮಗಳು ನವ್ಯಶ್ರೀಗೆ ಮದುವೆ ಗೊತ್ತಾಗಿತ್ತು.

"ಅರಿಶಿನದ ದಿನ ಎರಡೇ ಎರಡು ಪದ ಹೇಳ್ಬುಡಜ್ಜಿ."

"ಹಿಡಿಯೋರು ಯಾರವ್ವ? ನೀನಾ? ನಿಂಗೆ ಜೋಗುಳನೇ ನೆಟ್ಟಗೆ ಬರಲ್ಲ."

"ಮೊಬೈಲಲ್ಲಿ ಹಾಕ್ತೀನಿ ಅಂದ್ರೆ ನವ್ಯ ಕೇಳಲ್ಲ. ಅಜ್ಜಿನೇ ಬೇಕಂತೆ."

ಅಜ್ಜಿ ಮೊರದ ಕಡೆ ಮುಖ ತಿರುಗಿಸಿದರು.

ಅದೇ ವಾರ ತೋಟದ ಮಾಲೀಕರಾದ ಶ್ರೀನಾಥ್ ಸ್ಟೋರಿಗೆ ಒಂದು ಸಣ್ಣ ಸ್ಪೀಕರ್ ತಂದರು. ಅವರ ತಂಗಿ ರಶ್ಮಿತಾ ಹೊರದೇಶದಲ್ಲಿ ಸಂಗೀತ ಕಲಿತು ಅಲ್ಲೇ ಇರುವವರು. ಮುನ್ನೂರು ವರ್ಷ ಹಳೆಯ ಇಟಲಿ ಹಾಡುಗಳನ್ನು ತಾವೇ ಹಾಡಿ ರೆಕಾರ್ಡ್ ಮಾಡಿಸಿದ್ದರು.

"ಅಲ್ಲಿಯವರೆಲ್ಲ ಚೆನ್ನಾಗಿದೆ ಅಂತಲೇ ಹೇಳ್ತಾರಂತೆ. ಸ್ಟೋರಲ್ಲಿ ಕೇಳ್ಸು, ಅವ್ರು ಸುಳ್ಳು ಹೇಳಲ್ಲ ಅಂದಿದ್ದಾಳೆ," ಎಂದು ಶ್ರೀನಾಥ್ ನಕ್ಕು, ಒಂದು ಹಾಡು ಹಾಕಿದರು.

ದನಿ ಏರಿ, ಮೇಲೆಯೇ ನಿಂತು, ನಡುಗಿ, ನಿಧಾನವಾಗಿ ಇಳಿಯಿತು. ಮುಗಿದ ಮೇಲೆ ಶ್ರೀನಾಥ್ ಅವರವರ ಮಾತನ್ನು ರೆಕಾರ್ಡ್ ಮಾಡಿ ತಂಗಿಗೆ ಕಳಿಸಲು ಒಬ್ಬೊಬ್ಬರ ಮುಂದೆಯೂ ಫೋನ್ ಹಿಡಿದರು.

"ಉಸಿರು ಗಟ್ಟಿ ಐತೆ ಕಣ್ರೀ. ಘಾಟಿ ಹತ್ತೋವಾಗ ನಮ್ಮ ಲಾರಿಗೂ ಇಷ್ಟು ದಮ್ಮಿಲ್ಲ," ಎಂದರು ಮೂಟೆ ಹೊರುವ ಚಲುವಯ್ಯ.

"ಸತ್ತೋರು ಯಾರು ಅಂತ ಹೇಳಿದ್ರೆ ನಾವೂ ಅಳ್ತಿದ್ವಿ," ಎಂದರು ಗಂಗಾಮಣಿ.

ಅಜ್ಜಿ ಇನ್ನೊಂದು ಸಲ ಹಾಕಿಸಿದರು. ಹಾಡು ಒಂದು ಸುತ್ತು ಮುಗಿಸಿ, ನಡುವೆ ಬೇರೆ ಕಡೆ ಹೋಗಿ, ಮತ್ತೆ ಮೊದಲಿಗೇ ಬರುತ್ತಿತ್ತು. ಅಲ್ಲಿಗೆ ಬಂದಾಗ ಅವರ ಕೈ ಮೊರದಲ್ಲೇ ನಿಂತಿತು. ಆಮೇಲೆ ಫೋನಿಗೆ ಬಾಯಿ ತೀರಾ ಹತ್ತಿರ ತಂದು ಹೇಳಿದರು:

"ರಶ್ಮಿತಮ್ಮಾ, ನಿನ್ ಸೊಲ್ಲು ಹಿಡಿಯೋಳು ಎಲ್ಲಿಗೆ ಹೋದ್ಳು? ನೀನೇ ಎತ್ತಿ ನೀನೇ ತಿರುಗಿಸ್ತೀಯಲ್ಲ, ಒಬ್ಳೇ."

ಎಲ್ಲರೂ ನಕ್ಕರು. ಮರುದಿನ ರಶ್ಮಿತಾ ಅವರ ಉತ್ತರವನ್ನು ಶ್ರೀನಾಥ್ ಕೇಳಿಸಿದರು.

"ಬೆಟ್ಟಮ್ಮಜ್ಜಿ, ಇದನ್ನ ಇಲ್ಲಿವರೆಗೆ ಯಾರೂ ಕೇಳಿರಲಿಲ್ಲ. ಈ ಹಾಡು ಇರೋದೇ ಹಾಗೆ. ಎತ್ತಿದವಳೇ ತಿರುಗಿ ಹಾಡಬೇಕು. ಎರಡನೇ ಸಲ ಮನಸ್ಸಿಗೆ ಬಂದದ್ದನ್ನ ಸೇರಿಸ್ಕೋಬಹುದು, ಅಷ್ಟೇ. ಜೊತೆಗೆ ಯಾರೂ ಬರಲ್ಲ."

"ಅಷ್ಟು ದೂರದಲ್ಲೂ ಹಂಗೇನಾ," ಎಂದರು ಅಜ್ಜಿ. ಸುಮಾರು ಹೊತ್ತು ಬೀಜ ಆರಿಸಿದ ಮೇಲೆ, ಗಂಗಾಮಣಿಯವರ ಕಡೆ ನೋಡದೆಯೇ ಕೇಳಿದರು: "ಅರಿಶಿನ ಯಾವತ್ತು ಅಂದೆ?"

ಅರಿಶಿನದ ದಿನ ಅಜ್ಜಿ ನವ್ಯಶ್ರೀಯ ಎದುರು ಚಾಪೆಯ ಮೇಲೆ ಕೂತರು. ಬಲಗಡೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು. ಅಲ್ಲಿ ಕೂರಲು ಬಂದ ಹೆಂಗಸನ್ನು ಎಡಗಡೆಗೆ ಕರೆದರು. ಸೊಲ್ಲು ಎತ್ತಿದಾಗ ದನಿ ಮೊದಲು ಒಡೆಯಿತು, ಆಮೇಲೆ ದಾರಿಗೆ ಬಂತು. ಸಾಲು ಮುಗಿಯಿತು. ಅಜ್ಜಿ ಸುಮ್ಮನಾದರು.

"ಮರ್ತೋಯ್ತೇನೋ," ಎಂದು ಯಾರೋ ಪಿಸುಗುಟ್ಟಿದರು.

ಮರೆತಿರಲಿಲ್ಲ. ಒಂದು ಉಸಿರಿನಷ್ಟು ಹೊತ್ತು ಕಾದು, ಅದೇ ಸಾಲನ್ನು ತಾವೇ ಹಿಡಿದು ಹೇಳಿದರು. ಎರಡು ಪದ ಮುಗಿಯುವವರೆಗೂ ಪ್ರತಿ ಸಾಲಿಗೂ ಹಾಗೆಯೇ ಕಾದರು.